‘ನೀನು ಹೋಗು’ ಅಂತ ಅವಳ ಬಾಯಲ್ಲಿ ಹೇಳಿಸಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಮೂರು ವಾರದ ಹಿಂದೆ ನಿಮ್ಮ ಭಾನುವಾರದ ಪುರವಣಿಲಿ ಬಂದ ಆ ಚಂದ್ರನ ಮೇಲಿನ ಕಥೆ ಬಗ್ಗೆ ಓದುಗರ ಪತ್ರಗಳಲ್ಲಿ ಜಗಳ ನಡೀತಾನೇ ಇದೆ, ನಾನೂ ಓದ್ತಾ ಇದೀನಿ, ಸುಮ್ನಿದ್ಬಿಡೋಣ ಅಂತಿದ್ದೆ, ಆದ್ರೆ ಹೋದ ವಾರ ಒಬ್ರು ಕಥೇಲಿ ಗೆಳತಿನ ಬಿಟ್ಟುಬರೋ ಹುಡುಗಿನ ‘ಸ್ನೇಹದ್ರೋಹಿ’ ಅಂತ ಬರೆದಿದ್ದು ನೋಡಿದ್ಮೇಲೆ ಸುಮ್ನಿರೋಕಾಗ್ತಿಲ್ಲ. ಪತ್ರ ಉದ್ದ ಆಗುತ್ತೆ, ಕತ್ತರಿಸೋದಾದ್ರೆ ಲೆಕ್ಕದ ಭಾಗ ಕತ್ತರಿಸಿ, ಮುಂದೆ ಬರೋ ನಮ್ಮೂರ ಬಾವಿ ಭಾಗ ಉಳಿಸಿ ಅಂತ ಮೊದಲೇ ಕೇಳ್ಕೋತೀನಿ.

ಕಥೆ ಓದದೇ ಇರೋರಿಗೆ ಹೇಳ್ಬೇಕು ಅಂದ್ರೆ, ಚಂದ್ರನ ದಕ್ಷಿಣ ಧ್ರುವದಲ್ಲಿ ಐಸ್ ಅಗೆಯೋ ಒಂದು ಠಾಣೆ, ಅಲ್ಲಿ ಇಬ್ಬರು ಗೆಳತಿಯರು, ಸುರಂಗ ಕುಸಿಯುತ್ತೆ, ಒಬ್ಬಳ ಕಾಲು ಉಕ್ಕಿನ ಬಾಗಿಲ ಕೆಳಗೆ ಸಿಕ್ಕಾಕ್ಕೊಳ್ಳುತ್ತೆ, ಮೇಲೆ ಸುತ್ತುತಿರೋ ದೊಡ್ಡ ನೌಕೆ ಸೇರ್ಕೊಳ್ಳೋಕೆ ಇವರ ಹತ್ರ ಇರೋದು ಒಂದೇ ಪುಟ್ಟ ನೌಕೆ, ಅದು ಹೊರಡೋಕೆ 11 ನಿಮಿಷ ಇದೆ. ಸಿಕ್ಕಾಕ್ಕೊಂಡೋಳು ನಗ್ತಾ ‘ನೀನು ಹೋಗು, ನನ್ನ ಬಗ್ಗೆ ಯೋಚಿಸಬೇಡ’ ಅಂತಾಳೆ, ಇನ್ನೊಬ್ಬಳು ಅಳ್ತಾ ಹೋಗ್ತಾಳೆ, ಮುಂದಿನ ಪ್ಯಾರಾದಲ್ಲಿ ಭೂಮಿ ಮೇಲೆ ಪದಕ ಹಾಕಿಸ್ಕೊಳ್ತಾ ಇರ್ತಾಳೆ. ಮುಗೀತು.

ನಾನು 30 ವರ್ಷಕ್ಕಿಂತ ಜಾಸ್ತಿ ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡಿದೋನು, ಅದಕ್ಕೆ ಲೆಕ್ಕ ಮೊದಲು. ಚಂದ್ರನ ನೆಲದಿಂದ 100 ಕಿ.ಮೀ. ಆಸುಪಾಸಿನಲ್ಲಿ ಸುತ್ತೋ ನೌಕೆ ಒಂದು ಸುತ್ತು ಮುಗಿಸೋಕೆ ಹತ್ತಿರ ಹತ್ತಿರ 2 ಗಂಟೆ ತಗೊಳ್ಳುತ್ತೆ. ಧ್ರುವಗಳ ಮೇಲೇ ಹಾದು ಹೋಗೋ ಕಕ್ಷೆ ಅಂತ ಕಥೇಲೇ ಇದೆ, ಅಂದ್ಮೇಲೆ ಪ್ರತಿ ಸುತ್ತಲ್ಲೂ ಅದು ಠಾಣೆ ಮೇಲೆ ಬರ್ಲೇಬೇಕು. ಈ ಸಲ ತಪ್ಪಿಸ್ಕೊಂಡ್ರೆ 2 ಗಂಟೆ ಆದ್ಮೇಲೆ ಮತ್ತೆ ಬರುತ್ತೆ. ಉಸಿರಾಡೋಕೆ ಆಕ್ಸಿಜನ್ ಸಾಲಲ್ಲ ಅಂತ ಕಥೆಗಾರರು ಹೇಳ್ತಾರೆ, ಒಬ್ಬ ಮನುಷ್ಯಂಗೆ ದಿನಕ್ಕೆ ಬೇಕಾಗೋದು ಸುಮಾರು 840 ಗ್ರಾಂ, 2 ಗಂಟೆಗೆ 70 ಗ್ರಾಂ, ಇಬ್ಬರಿಗೆ 140 ಗ್ರಾಂ. ಐಸ್ ಅಗೆದು ನೀರಿಂದ ಆಕ್ಸಿಜನ್ ತೆಗೆಯೋ ಠಾಣೇಲೇ 140 ಗ್ರಾಂ ಆಕ್ಸಿಜನ್ ಇಲ್ಲ ಅಂದ್ರೆ ನಾನು ಹೆಂಗೆ ನಂಬ್ಲಿ? ಆ 11 ನಿಮಿಷ ಬಂದಿದ್ದು ಕಕ್ಷೆಯಿಂದ ಅಲ್ಲ, ಬಿಟ್ಟುಹೋಗೋ ಸೀನು ಬೇಕಾಗಿತ್ತು, ಅದಕ್ಕೆ ಬಂತು.

ಆದ್ರೂ ಅವಳು ದ್ರೋಹಿ ಅಲ್ಲ. ಇದನ್ನ ಒತ್ತಿ ಹೇಳ್ತೀನಿ. ‘ನಾನಾಗಿದ್ರೆ ಗೆಳತಿ ಜೊತೇಲೇ ಸಾಯ್ತಿದ್ದೆ’ ಅಂತ ಬರೆದವರಿಗೆ ಒಂದು ಮಾತು, ರಕ್ಷಣೆ ಸಾಮಾನು ಇಲ್ದೇ ಮ್ಯಾನ್‌ಹೋಲ್‌ಗೆ ಮನುಷ್ಯರನ್ನ ಇಳಿಸಬಾರದು ಅಂತ 2013ರಲ್ಲೇ ಕಾನೂನು ಬಂದಿದೆ, ಆದ್ರೂ ಇಳಿಸ್ತಾರೆ, ಮೊದಲು ಇಳಿದೋನು ಮಾತಾಡ್ತಿಲ್ಲ ಅಂತ ಎರಡನೇಯೋನು ಇಳೀತಾನೆ, ಇಬ್ಬರೂ ಒಂದೇ ವಿಷಗಾಳಿಲಿ ಹೋಗ್ತಾರೆ, ಎಷ್ಟು ಸಲ ನಿಮ್ಮ ಪೇಪರಲ್ಲೇ ಓದಿದೀವಿ. ಎರಡನೇಯೋನ್ನ ಹೊಗಳೋದು ಸುಲಭ, ಅವನ ಮನೆಯೋರ್ನ ಕೇಳಿ.

ಚಂದ್ರನ ಮಾತು ಬಂತು ಅಂತ ಮೈಕೆಲ್ ಕಾಲಿನ್ಸ್ ವಿಷಯ ಹೇಳ್ತೀನಿ. 1969ರ ಜುಲೈನಲ್ಲಿ ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್ ಕೆಳಗೆ ಇಳಿದಾಗ ಮೇಲೆ ಒಬ್ಬರೇ ಸುತ್ತುತಿದ್ದವರು ಅವರು. ಕೆಳಗಿನ ನೌಕೆ ಮೇಲೇಳೋಕೆ ಇದ್ದಿದ್ದು ಒಂದೇ ಎಂಜಿನ್, ಅದು ಹೊತ್ಕೊಳ್ಲಿಲ್ಲ ಅಂದ್ರೆ ಬೇರೆ ದಾರಿ ಇಲ್ಲ. ಸಾಲದ್ದಕ್ಕೆ ಆ ಎಂಜಿನ್‌ನ ಸ್ವಿಚ್ಚೇ ಮುರಿದು ಬಿದ್ದಿತ್ತು, ಆಲ್ಡ್ರಿನ್ ಒಂದು ಸ್ಕೆಚ್ ಪೆನ್ ತುದಿ ಚುಚ್ಚಿ ಅದನ್ನ ಒತ್ತಿದ್ರು, ಮಕ್ಕಳಿಗೆ ಪ್ರತಿ ವರ್ಷ ಇದನ್ನ ಹೇಳ್ತಿದ್ದೆ. ಕಾಲಿನ್ಸ್ ಆಮೇಲೆ ಬರೆದಿದಾರೆ, ಆರು ತಿಂಗಳಿಂದ ಅವರೊಳಗೆ ಇದ್ದ ಒಂದೇ ಗುಟ್ಟಿನ ಭಯ ಅಂದ್ರೆ ಇಬ್ಬರನ್ನೂ ಅಲ್ಲೇ ಬಿಟ್ಟು ತಾವೊಬ್ಬರೇ ವಾಪಸ್ ಬರೋದು, ಹಂಗೇನಾದ್ರೂ ಆದ್ರೆ ತಾನು ಸಾಯಲ್ಲ, ಮನೆಗೆ ಹೊರಟುಬರ್ತೀನಿ, ಆದ್ರೆ ಬದುಕಿರೋತನಕ ಜನ ನನ್ನ ಬೊಟ್ಟು ಮಾಡಿ ತೋರಿಸ್ತಾರೆ ಅನ್ನೋದೂ ಗೊತ್ತು ಅಂತ. ಭೂಮಿಲಿ ಅಮೆರಿಕದ ಅಧ್ಯಕ್ಷರು ಓದೋಕೆ ಅಂತ ಶೋಕದ ಭಾಷಣ ಕೂಡ ಜುಲೈ 18ಕ್ಕೇ ಟೈಪ್ ಆಗಿತ್ತು. ಆದ್ರೆ ಕಾಲಿನ್ಸ್ ಕುತ್ತಿಗೇಲಿ ಒಂದು ಪುಸ್ತಕ ನೇತಾಕ್ಕೊಂಡಿದ್ರು, ಅದ್ರಲ್ಲಿ ಆ ಇಬ್ಬರನ್ನ ಹೋಗಿ ಸೇರ್ಕೊಳ್ಳೋಕೆ 18 ಬೇರೆ ಬೇರೆ ದಾರಿ ಬರ್ಕೊಂಡಿದ್ರು. 18 ದಾರೀನೂ ಮುಚ್ಚಿದ್ಮೇಲೆ ಮಾತ್ರ ಬಿಟ್ಟುಬರೋದು. ನಿಮ್ಮ ಕಥೇಲಿ ಒಂದು ಹಾರೆ ಹಾಕಿ ಬಾಗಿಲು ಎತ್ತೋಕೂ ಅವಳು ನೋಡಲ್ಲ.

ಈಗ ಆ ‘ನೀನು ಹೋಗು’ ಅನ್ನೋ ಮಾತಿಗೆ ಬರ್ತೀನಿ. ಈ ಪತ್ರ ಬರೀತಿರೋದೇ ಆ ಒಂದು ಸಾಲಿಗೆ.

1983ರ ಬೇಸಿಗೆ, ನನಗೆ 20 ವರ್ಷ, ಶಿರಾ ಕಡೆ ನಮ್ಮೂರು. ಬಾವಿಗಳೆಲ್ಲ ತಳ ಕಂಡಿದ್ವು. ಒಬ್ಬರ ತೋಟದ ಬಾವಿ ಹೂಳು ತೆಗೆಯೋಕೆ ನಾನು, ನನ್ನ ಗೆಳೆಯ, ಮೇಲೆ ಎಳೆಯೋಕೆ ಇನ್ನು ನಾಲ್ಕು ಜನ ಹೋಗಿದ್ವಿ, ಕಾಲೇಜು ಫೀಜಿಗೆ ಆಗುತ್ತೆ ಅಂತ ನಾನು, ಅವರ ಮನೇಲಿ ಹೊಟ್ಟೆಗೇ ಇರ್ಲಿಲ್ಲ ಅಂತ ಅವನು. 50 ಅಡಿ ಬಾವಿ, ಮೇಲಿನ ಅರ್ಧ ಕಲ್ಲುಕಟ್ಟಡ, ಕೆಳಗಿನ ಅರ್ಧ ಬರೀ ಮಣ್ಣು. ನಾವಿಬ್ರು ತಳದಲ್ಲಿ, ಕೆಸರು ತುಂಬ್ಸಿ ತುಂಬ್ಸಿ ಮಂಕರಿ ಕಳಿಸ್ತಿದ್ವಿ. ಮಧ್ಯಾಹ್ನದ ಹೊತ್ತಿಗೆ ಒಂದು ಮಗ್ಗುಲಿನ ಧರೆ ಜಾರಿ ಅವನ ಮೇಲೆ ಬಂತು, ಸೊಂಟದ ತನಕ ಮುಚ್ಕೊಂಡ್ತು. ನಾನು ಸನಿಕೆ ಬಿಸಾಕಿ ಕೈಯಲ್ಲೇ ತೋಡಿದೆ, ತೋಡಿದಷ್ಟೂ ಮೇಲಿಂದ ಸುರೀತಿತ್ತು, ಹಸಿ ಮಣ್ಣು ಎಷ್ಟು ತೂಕ ಅಂತ ಅವತ್ತೇ ನನಗೆ ಗೊತ್ತಾಗಿದ್ದು, ಅವನ ಕಂಕುಳಿಗೆ ಹಗ್ಗ ಕಟ್ಟಿ ಮೇಲಿನೋರು ಎಳೆದ್ರು, ಅವನು ಕಿರುಚ್ಕೊಂಡ, ಒಂದಿಂಚೂ ಬರ್ಲಿಲ್ಲ. ಎದುರಿನ ಧರೇಲಿ ಬಿರುಕು ಬಿಡ್ತಿರೋದು ಮೇಲಿನೋರಿಗೆ ಕಾಣ್ತಿತ್ತು, ಹಗ್ಗ ಬಿಚ್ಕೊಂಡು ನೀನು ಹತ್ತೋ, ಹತ್ತೋ ಅಂತ ಬಡ್ಕೋತಿದ್ರು.

ಹಗ್ಗ ಇದ್ದಿದ್ದು ಒಂದೇ. ಅವನ ಕಂಕುಳಿಂದ ನಾನೇ ಬಿಚ್ಚಿದೆ.

ಅವನು ‘ನೀನು ಹೋಗು’ ಅನ್ನಲಿಲ್ಲ. ನಗ್ಲಿಲ್ಲ. ನನ್ನ ಎಡಗೈ ಮಣಿಕಟ್ಟು ಹಿಡ್ಕೊಂಡು ‘ಬಿಡ್‌ಬ್ಯಾಡ ಕಣ್ಲಾ, ಬಿಡ್‌ಬ್ಯಾಡ’ ಅಂದ. ನಾನು ಕೈ ಬಿಡಿಸ್ಕೊಂಡೆ, ಕೆಸರಾಗಿತ್ತು, ಜಾರ್ತು. ಕಲ್ಲುಕಟ್ಟಡದ ಮಟ್ಟಕ್ಕೆ ಬರೋ ಹೊತ್ತಿಗೆ ಎದುರಿನ ಧರೆ ಪೂರ್ತಿ ಕೂತ್ಕೊಂಡ್ತು. ಮಾರನೇ ದಿನ ಸಾಯಂಕಾಲ ಅವನ್ನ ತೆಗೆದ್ರು.

ಅವರಮ್ಮ ನನ್ನ ಒಂದೇ ಒಂದು ಮಾತು ಕೇಳಿದ್ರು, ‘ಏನಾರ ಅಂದ್ನೇನಪ್ಪಾ’ ಅಂತ. ನಾನು ‘ನೀನು ಹತ್ಕಳ್ಲಾ, ನಾನು ಹೆಂಗೋ ಬತ್ತೀನಿ ಅಂದ ಕಣವ್ವ’ ಅಂದೆ.

ನಿಮ್ಮ ಕಥೆಗಾರರು ಬರೆದಿರೋ ಸಾಲು ಅದೇ. ಅದಕ್ಕೇ ಓದಿದ ತಕ್ಷಣ ನನಗೆ ಗೊತ್ತಾಯ್ತು, ಇದು ಸಿಕ್ಕಾಕ್ಕೊಂಡೋಳ ಮಾತಲ್ಲ, ಬಿಟ್ಟುಬಂದೋಳ ಮಾತು. ವಾಪಸ್ ಬಂದೋರು ಎದುರಿಗಿರೋರ ಮುಖ ನೋಡ್ಕೊಂಡು ಕಟ್ಟೋ ಮಾತು. ಆ ತಾಯಿಗೆ ಸಮಾಧಾನ ಆಗ್ಲಿ ಅಂತಾನೇ ಹೇಳಿದೆ, ಇಲ್ಲ ಅನ್ನಲ್ಲ, ನನಗೂ ಆಯ್ತು. ಊರೋರೆಲ್ಲ ‘ಎಂಥಾ ಹುಡುಗ, ಸಾಯೋವಾಗ್ಲೂ ಗೆಳೆಯನ್ನ ಉಳಿಸ್ದ’ ಅಂದ್ರು, ಅವನ ಹೆಸರಲ್ಲಿ ಭಜನೆ ಮಾಡಿಸಿದ್ರು, ಅಲ್ಲಿಗೆ ಎಲ್ಲಾ ಮುಗೀತು. ಆರು ಜನರನ್ನ ಕೆಲಸಕ್ಕೆ ಕರೆದು ಇಬ್ಬರನ್ನ ಕೆಳಗಿಳಿಸಿ ಒಂದೇ ಹಗ್ಗ ಯಾಕೆ ಕೊಟ್ಟೆ ಅಂತ ತೋಟದೋರ್ನ ಯಾರೂ ಕೇಳ್ಲಿಲ್ಲ. ಮಣ್ಣಿಗೆ ಯಾಕೆ ಹಲಗೆ ಕೊಟ್ಟು ತಡೀಲಿಲ್ಲ ಅಂತ ಕೇಳ್ಲಿಲ್ಲ. ಅವನೇ ಹೋಗು ಅಂದ್ಮೇಲೆ ಇನ್ನೇನು ಕೇಳೋದು. ನನ್ನ ಆ ಒಂದು ಸುಳ್ಳು ಎಲ್ಲರ ಬಾಯಿ ಮುಚ್ಚಿಸ್ತು, ಆ ತಾಯಿಗೆ ಸಿಗಬೇಕಾಗಿದ್ದ ನಾಲ್ಕು ಕಾಸೂ ಸಿಗ್ಲಿಲ್ಲ. ಅವರು ತೀರ್ಕೊಂಡು ಈಗ ಒಂಬತ್ತು ವರ್ಷ, ಕೊನೇತನಕ ನನ್ನ ಕಂಡ್ರೆ ಮಗನ್ನ ಕಂಡಂಗೆ ಮಾಡ್ತಿದ್ರು.

ಪೆರು ದೇಶದಲ್ಲಿ ಸಿಯುಲಾ ಗ್ರಾಂಡೆ ಅಂತ ಒಂದು ಹಿಮಪರ್ವತ ಇದೆ, 6,000 ಮೀಟರ್‌ಗಿಂತ ಎತ್ತರ. 1985ರಲ್ಲಿ ಅಲ್ಲಿಂದ ಇಳಿಯೋವಾಗ ಜೋ ಸಿಂಪ್ಸನ್‌ಗೆ ಕಾಲು ಮುರೀತು, ಗೆಳೆಯ ಸೈಮನ್ ಯೇಟ್ಸ್ ಹಗ್ಗದಲ್ಲಿ ಕಟ್ಟಿ ಅವರನ್ನ ಇಳಿಸ್ತಾ ಬಂದ್ರು, ಕತ್ತಲಲ್ಲಿ ಸಿಂಪ್ಸನ್ ಒಂದು ಅಂಚಿಂದ ಕೆಳಗೆ ಗಾಳೀಲಿ ನೇತಾಡೋಕೆ ಶುರುವಾದ್ರು, ಮೇಲೆ ಯೇಟ್ಸ್ ಕೂತಿದ್ದ ಹಿಮ ಜಾರ್ತಿತ್ತು, ಕೂಗಿದ್ರೆ ಕೇಳಲ್ಲ, ಕೊನೆಗೆ ಹಗ್ಗ ಕೊಯ್ದುಬಿಟ್ರು. ಸಿಂಪ್ಸನ್ ಹಿಮದ ಬಿರುಕೊಳಗೆ ಬಿದ್ದೂ ಬದುಕಿ, ಮುರಿದ ಕಾಲಲ್ಲಿ ದಿನಗಟ್ಟಲೆ ತೆವಳ್ಕೊಂಡು ಕ್ಯಾಂಪ್ ಸೇರಿದ್ರು. ಯೇಟ್ಸ್‌ನ ಜನ ಬೈದಾಗೆಲ್ಲ ಅವರ ಪರ ನಿಂತಿದ್ದು ಇದೇ ಸಿಂಪ್ಸನ್. ಅಲ್ಲಿ ಯಾರೂ ‘ನೀನು ಕೊಯ್ದುಬಿಡು’ ಅಂತ ಅಪ್ಪಣೆ ಕೊಟ್ಟಿರ್ಲಿಲ್ಲ, ಕೊಡೋಕೆ ಆಗ್ತಾನೂ ಇರ್ಲಿಲ್ಲ. ಅಪ್ಪಣೆ ಇಲ್ದೇನೇ ಕೊಯ್ದ್ರು, ಆದ್ರೂ ಆ ಮನುಷ್ಯ ದ್ರೋಹಿ ಅಲ್ಲ. ಆ ಮಾತನ್ನ ಹೇಳೋ ಹಕ್ಕು ಕೆಳಗೆ ನೇತಾಡಿದೋರಿಗೆ ಮಾತ್ರ ಇತ್ತು, ಅವರು ಬದುಕಿ ಬಂದು ಹೇಳಿದ್ರು. ನನ್ನ ಗೆಳೆಯ ಬಂದು ಏನು ಹೇಳ್ತಿದ್ನೋ. 42 ವರ್ಷ ಆಯ್ತು, ನನ್ನ ಪರವಾಗೋ ವಿರುದ್ಧವಾಗೋ ಅವನು ಏನೂ ಹೇಳಿಲ್ಲ, ಅವನ ಬಾಯಿಗೆ ನಾನು ಹಾಕಿದ ಮಾತೊಂದೇ ಊರಲ್ಲಿ ಉಳ್ಕೊಂಡಿದೆ.

ಕಥೆಗಾರರಿಗೆ ನನ್ನ ಮೇಲೆ ಬೇಜಾರಾಗೋದು ಬೇಡ, ಕನ್ನಡದಲ್ಲಿ ವಿಜ್ಞಾನ ಕಥೆ ಬರೆಯೋರು ಕಡಿಮೆ, ಇವರು ಐಸ್ ಅಗೆಯೋ ಯಂತ್ರ, ಧೂಳು, ಆ ಧ್ರುವದ ಉದ್ದುದ್ದ ನೆರಳು ಎಲ್ಲಾ ಚೆನ್ನಾಗಿ ಬರೆದಿದಾರೆ, ಇನ್ನೂ ಬರೀಬೇಕು. ಅವರು ದಯವಿಟ್ಟು ಆ ಸೀಟಿನ ವಿಷಯ ನೋಡ್ಲಿ. ಕಥೇಲಿ ಪುಟ್ಟ ನೌಕೇಲಿ ಒಂದೇ ಸೀಟು ಅಂತ ಒಂದು ಕಡೆ ಸುಮ್ನೆ ಬಂದು ಹೋಗುತ್ತೆ. ಇಬ್ಬರಿರೋ ಠಾಣೆಗೆ ಒಂದು ಸೀಟು! 2022ರ ಡಿಸೆಂಬರಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಅಂಟ್ಕೊಂಡಿದ್ದ ಸೋಯುಜ್ ನೌಕೆಯಿಂದ ತಂಪು ಮಾಡೋ ದ್ರವ ಎಲ್ಲಾ ಸೋರಿಹೋಯ್ತು, ಅದರಲ್ಲಿ ವಾಪಸ್ ಬರಬೇಕಾಗಿದ್ದೋರು ಮೂರು ಜನ. ಆಗ ಏನು ಮಾಡಿದ್ರು ಅಂದ್ರೆ ಆ ಮೂವರಲ್ಲಿ ಒಬ್ಬರಾದ ಫ್ರಾಂಕ್ ರೂಬಿಯೋ ಅವರ ಮೈಯಳತೆಗೆ ಮಾಡಿದ್ದ ಸೀಟಿನ ಮೆತ್ತೆ ಬಿಚ್ಚಿ ತಗೊಂಡೋಗಿ ಪಕ್ಕದಲ್ಲಿದ್ದ ಡ್ರಾಗನ್ ನೌಕೇಲಿ ಇಟ್ರು, ಏನಾದ್ರೂ ಆದ್ರೆ ನಾಲ್ಕು ಜನರ ಜಾಗದಲ್ಲಿ ಐದನೆಯೋರಾಗಿ ಅವರೂ ಬರ್ಲಿ ಅಂತ. 2023ರ ಫೆಬ್ರವರಿಲಿ ಒಂದು ಸೋಯುಜ್ ಯಾರನ್ನೂ ಕೂರಿಸದೇ ಖಾಲಿ ಹೋಯ್ತು, ಆ ಮೂರು ಜನರಿಗೋಸ್ಕರ. ಸುನಿತಾ ವಿಲಿಯಮ್ಸ್ ವಿಷಯ ಎಲ್ರಿಗೂ ಗೊತ್ತು, ಹೋಗಿದ್ದ ನೌಕೆ ಕೈಕೊಟ್ಟು ನಿಲ್ದಾಣದಲ್ಲೇ ಉಳಿದಿದ್ದ ಅವರಿಗೂ ಜೊತೆಗಿದ್ದ ಬುಚ್ ವಿಲ್ಮೋರ್‌ಗೂ ವಾಪಸ್ ಬರೋಕೆ ಜಾಗ ಇರ್ಲಿ ಅಂತ 2024ರ ಸೆಪ್ಟೆಂಬರಲ್ಲಿ ನಾಲ್ಕು ಸೀಟಿನ ನೌಕೇಲಿ ಇಬ್ರನ್ನೇ ಕಳಿಸಿದ್ರು, ಜೀನಾ ಕಾರ್ಡ್‌ಮನ್, ಸ್ಟೆಫನಿ ವಿಲ್ಸನ್ ಅಂತ ಇಬ್ಬರು ತರಬೇತಿ ಮುಗಿಸಿ ತಯಾರಾಗಿದ್ದೋರು ಕೆಳಗೇ ಉಳ್ಕೊಂಡ್ರು. ಟೀವಿಯೋರು ದಿನಾ ‘ಸಿಕ್ಕಿಹಾಕಿಕೊಂಡ ಸುನಿತಾ’ ಅಂತಿದ್ರು, ಆ ಎರಡು ಖಾಲಿ ಸೀಟು ನೋಡಿ ನಾನು ಅತ್ತಿದೀನಿ. ನಮ್ಮ ಬಾವಿಗೆ ಬೇಕಾಗಿದ್ದಿದ್ದು ಅದೇ, ಇನ್ನೊಂದು ಹಗ್ಗ. ಅವತ್ತು ಪೇಟೇಲಿ 50 ಅಡಿ ಹಗ್ಗ ನಮ್ಮಿಬ್ಬರ ಎರಡು ದಿನದ ಕೂಲಿಗೆ ಸಿಗ್ತಿತ್ತು.

ಕಥೆ ಪುಸ್ತಕವಾಗಿ ಬರುತ್ತೆ ಅಂತ ಪುರವಣಿಲಿ ಹಾಕಿದ್ರಿ, ಅಂದ್ರೆ ತಿದ್ದೋಕೆ ಇನ್ನೂ ಟೈಮಿದೆ. ಅವಳು ಹೋಗ್ಲಿ, ಹೋಗ್ಬೇಕು, ಬದುಕಬೇಕು. ಆದ್ರೆ ಬಾಗಿಲ ಕೆಳಗಿರೋಳು ನಗೋದು ಬೇಡ. ‘ಬಿಡಬೇಡ’ ಅನ್ಲಿ, ಕೈ ಹಿಡ್ಕೊಳ್ಲಿ, ಇವಳು ಆ ಕೈ ಬಿಡಿಸ್ಕೊಂಡು ಹೋಗೋದು ಪೂರ್ತಿ ಬರೀಲಿ, ಆಮೇಲೆ ಭೂಮಿಗೆ ಬಂದು ಪದಕ ತಗೋಳೋ ದಿನ ಆ ಗೆಳತಿಯ ಅಮ್ಮ ಎದುರಿಗೆ ಬಂದು ‘ಏನಾದ್ರೂ ಹೇಳಿದ್ಲಾ’ ಅಂತ ಕೇಳ್ಲಿ. ಇವಳು ಏನು ಉತ್ತರ ಕೊಡ್ತಾಳೆ ಅನ್ನೋದನ್ನ ಅವರು ಬರೀಲಿ, ನಾನು ಓದ್ತೀನಿ.

ನನ್ನ ಹೆಸರು ಹಾಕಬೇಡಿ. ನಮ್ಮೂರಲ್ಲಿ ನಿಮ್ಮ ಪೇಪರ್ ಬರುತ್ತೆ, ಅವನ ತಮ್ಮ ಓದ್ತಾನೆ. ಅವನಿಗೆ ಪೇಪರಿಂದ ಗೊತ್ತಾಗೋದು ಬೇಡ, ಈ ಭಾನುವಾರ ನಾನೇ ಊರಿಗೆ ಹೋಗಿ ಹೇಳ್ತೀನಿ, ಅದಾದ್ಮೇಲೆ ಪ್ರಕಟ ಮಾಡಿ.

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕ, ತುಮಕೂರು