ಸ್ಟುಟ್‌ಗಾರ್ಟಿನ ಪಲ್ಲವಿಗೆ, ಗುಳೇದಗುಡ್ಡದಿಂದ ಕಾಕಾ

ಚಿ. ಪಲ್ಲವಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಆರಾಮ ಇದ್ದೇವೆ.

ಅಲ್ಲಿ ನಿನ್ನ ಕೆಳಗಿನ ಮನೆಯ ಅಜ್ಜಿ ರಾತ್ರಿ ಬಾಗಿಲು ಬಡಿದು ಮಿಕ್ಸರ್ ಬಂದ್ ಮಾಡು ಎಂದರಂತೆ. ನೀನು ತುಂಬಾ ಅತ್ತುಬಿಟ್ಟೆಯಂತೆ. ಅದನ್ನು ಕೇಳಿದಾಗಿನಿಂದ ನಿನ್ನ ಅವ್ವ ಸರಿಯಾಗಿ ಊಟ ಮಾಡಿಲ್ಲ. ಫೋನಿನಲ್ಲಿ ಅರ್ಧ ಮಾತು ಉಳಿದುಬಿಡುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಯವ್ವಾ, ಆ ಅಜ್ಜಿ ನಿನಗೆ ಅವಮಾನ ಮಾಡಲು ಬಂದವರಲ್ಲ. ಜರ್ಮನಿಯಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ. ರವಿವಾರ ಹಗಲಲ್ಲೂ ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಅಂಗಡಿಗಳೂ ಅಂದು ಮುಚ್ಚಿರುತ್ತವೆ, ಶನಿವಾರವೇ ಸಂತೆ ಮುಗಿಸಿಕೋ.

1991ರಲ್ಲಿ ಯಂತ್ರದ ಕೆಲಸ ಕಲಿಯಲು ನಾನು ಅದೇ ಊರಿನಲ್ಲಿ 14 ತಿಂಗಳು ಇದ್ದೆ. ಒಂದು ದಿನ ನನ್ನ ಬಾಗಿಲಿಗೆ ಯಾರೋ ಸಣ್ಣ ಹಲಗೆ ನೇತುಹಾಕಿದ್ದರು. ಓದಲು ಬರಲಿಲ್ಲ. ತಪ್ಪಿ ಹಾಕಿದ್ದಾರೆ ಅಂದುಕೊಂಡು ಎದುರಿನ ಬಾಗಿಲಿಗೆ ಹಾಕಿಬಿಟ್ಟೆ. ಆಮೇಲೆ ಎರಡು ವಾರ ಆ ಕಟ್ಟಡದಲ್ಲಿ ಯಾರೂ ಮಾತಾಡಿಸಲಿಲ್ಲ. ನನ್ನ ಬಣ್ಣ ನೋಡಿ ದೂರ ಇಡುತ್ತಿದ್ದಾರೆ ಎಂದು ಒಳಗೊಳಗೇ ಕುದಿದೆ. ಕಡೆಗೆ ಜೊತೆಗೆ ಕೆಲಸ ಮಾಡುವವನನ್ನು ಕೇಳಿದೆ. ಅದು ಕೇರ್‌ವೋಖೆಯ ಹಲಗೆ ಎಂದ. ಮೆಟ್ಟಿಲು, ಅಂಗಳ ಗುಡಿಸುವ ಪಾಳಿ. ಹಲಗೆ ಯಾರ ಬಾಗಿಲಲ್ಲಿ ಇದೆಯೋ ಆ ವಾರ ಗುಡಿಸುವುದು ಅವರ ಕೆಲಸ. ಮುಗಿಸಿದ ಮೇಲೆ ಮುಂದಿನ ಮನೆಗೆ ಹಾಕಬೇಕು. ನಾನು ಕಸಬರಿಗೆ ಮುಟ್ಟದೆ ದಾಟಿಸಿದ್ದೆ!

ನಮ್ಮ ಅವ್ವ ನಸುಕಿನಲ್ಲೇ ಎದ್ದು ಅಂಗಳ ಗುಡಿಸಿ, ಸಗಣಿ ಸಾರಿಸಿ, ರಂಗೋಲಿ ಹಾಕುತ್ತಿದ್ದಳು. ಗುಡಿಸದ ಮನೆಯನ್ನು ನಮ್ಮ ಓಣಿ ಏನೆನ್ನುತ್ತಿತ್ತು, ನಿನಗೂ ಗೊತ್ತಲ್ವಾ? ಆ ಶನಿವಾರ ಮೂರು ಮಹಡಿಯ ಮೆಟ್ಟಿಲನ್ನೂ ತೊಳೆದೆ. ಎದುರಿನ ಮನೆಗೆ ಹೋಗಿ ಬರುವ ನಾಲ್ಕು ಮಾತಿನಲ್ಲೇ ತಪ್ಪಾಯಿತು ಎಂದೆ. ಮರುದಿನದಿಂದ ಅವರೇ ಮೊದಲು 'ಗ್ರ್ಯೂಸ್ ಗಾಟ್' ಎಂದು ನಮಸ್ಕಾರ ಹೇಳುತ್ತಿದ್ದರು.

ಆ ಎರಡು ವಾರ ನಾನು ಸುಮ್ನೆ ಕಳೆದುಕೊಂಡೆ. ನೀನು ಹಾಗೆ ಮಾಡಬೇಡ. ತಿಳಿಯದಿದ್ದರೆ ಅಂದೇ ಹೋಗಿ ಕೇಳು. ಭಾಷೆ ಅರ್ಧಂಬರ್ಧ ಇದ್ದರೂ ಇರಲಿ, ಜರ್ಮನ್‌ನಲ್ಲೇ ಕೇಳು. ಕಿಟೆಲ್ ಸಾಹೇಬರು ಜರ್ಮನಿಯಿಂದ 1853ರಲ್ಲಿ ಈ ಕಡೆ ಬಂದವರು. ನಮ್ಮ ಜನರ ನಡುವೆ ಕನ್ನಡ ಕಲಿತು 1894ರಲ್ಲಿ ನಮಗೇ ನಿಘಂಟು ಕೊಟ್ಟರು. ಅವರು ತೀರಿಕೊಂಡ ಟ್ಯೂಬಿಂಗನ್ ನಿನ್ನ ಊರಿನಿಂದ ರೈಲಿನಲ್ಲಿ ಸುಮಾರು ಒಂದು ತಾಸು. ಬಿಡುವಾದಾಗ ಹೋಗಿ ಬಾ.

ಚಳಿಗಾಲದ ಒಂದು ಮಾತು. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೇ ಹೊತ್ತು ಮುಳುಗುತ್ತದೆ. ನಮ್ಮ ಬಿಸಿಲಲ್ಲಿ ಬೆಳೆದವರಿಗೆ ಚಳಿಗಿಂತ ಆ ಕತ್ತಲೇ ಜಾಸ್ತಿ ಕಾಡುತ್ತದೆ. ಮಧ್ಯಾಹ್ನ ಸ್ವಲ್ಪ ಹೊತ್ತಾದರೂ ಹೊರಗೆ ಅಡ್ಡಾಡು. ಅಡುಗೆ ಮಾಡಿದ ಮೇಲೆ ಐದು ನಿಮಿಷ ಕಿಟಕಿ ಪೂರ್ತಿ ತೆರೆ. ಇಲ್ಲದಿದ್ದರೆ ಹಬೆ ಕೂತು ಗೋಡೆಗೆ ಬೂಸ್ಟು ಹಿಡಿಯುತ್ತದೆ.

ಅಕ್ಟೋಬರ್ ಕೊನೆಯ ರವಿವಾರದಿಂದ ನಿಮ್ಮ ಗಡಿಯಾರ ನಮಗಿಂತ ನಾಲ್ಕೂವರೆ ತಾಸು ಹಿಂದೆ. ನೀನು ಏಳಕ್ಕೆ ಫೋನ್ ಮಾಡಿದರೆ ಇಲ್ಲಿ ರಾತ್ರಿ ಹನ್ನೊಂದೂವರೆ. ಆ ಹೊತ್ತಿನಲ್ಲಿ ನಿನ್ನ ಅಳು ಕೇಳಿದರೆ ಅವ್ವ ಬೆಳಗಿನವರೆಗೆ ಮಲಗುವುದಿಲ್ಲ. ದುಃಖ ಮುಚ್ಚಿಡು ಎನ್ನುವುದಿಲ್ಲ. ಅಂಥ ರಾತ್ರಿ ನನಗೆ ಮಾಡು, ಎಷ್ಟೊತ್ತಾದರೂ ಎತ್ತುತ್ತೇನೆ. ಅವ್ವನಿಗೆ ರವಿವಾರ ಮುಂಜಾನೆ ಮಾಡಿ, ಏನು ಉಂಡೆ, ಯಾರ ಜೊತೆ ಮಾತಾಡಿದೆ ಅಂತ ಹೇಳು.

ನಮ್ಮ ಓಣಿಯ ಹುಡುಗ ಮುಂದಿನ ತಿಂಗಳು ಆ ಕಡೆ ಬರುತ್ತಾನೆ. ನೀನು ಕೇಳಿದ ಕುಂದಾ ಕಳಿಸಲು ಆಗುವುದಿಲ್ಲ, ಹಾಲಿನ ಪದಾರ್ಥ ಅಲ್ಲಿಗೆ ಒಯ್ಯಲು ಬಿಡುವುದಿಲ್ಲ. ಖಡಕ್ ರೊಟ್ಟಿ ಬರುತ್ತವೆ. ಶೇಂಗಾ ಚಟ್ನಿಯನ್ನು ಅವ್ವ ಕುಟ್ಟಿಯೇ ಕಳಿಸುತ್ತಾಳೆ, ನೀನು ಮಿಕ್ಸರ್ ಹಚ್ಚುವ ಕೆಲಸವಿಲ್ಲ. ಜೊತೆಗೆ ಒಂದು ಖಣ ಇಟ್ಟಿದ್ದೇನೆ. ಅದು ಕೆಳಗಿನ ಮನೆಯ ಅಜ್ಜಿಗೆ. ನಮ್ಮೂರಿನ ಮಗ್ಗದಲ್ಲಿ ನೇಯ್ದದ್ದು ಎಂದು ಹೇಳಿ, ನೀನೇ ಕೈಯಲ್ಲಿ ಕೊಡು.

ನಿನ್ನ ಕಾಕಾ
ಗುಳೇದಗುಡ್ಡ