ಶಾಸಕರೇ, ನಮ್ಮ ಶಾಲೆಗಳ ಮಾಳಿಗೆ ಮೇಲೆ ಸೋಲಾರ್ ಹಾಕಿಸಿ

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ವಿಜಯಪುರ ಜಿಲ್ಲೆಯ ಒಂದು ಹಳ್ಳಿ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ನನ್ನ ಇಬ್ಬರು ಮಕ್ಕಳೂ ಅಲ್ಲೇ ಓದುತ್ತಾರೆ. ನಮ್ಮ ಬಿಸಿಲು ಎಂಥದ್ದು ಅಂತ ನಿಮಗೆ ಹೇಳಬೇಕಾಗಿಲ್ಲ, ಬೇಸಿಗೆ ಬಂದರೆ ಸರಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆಗೆ ಬದಲಿಸುವ ಜಿಲ್ಲೆ ನಮ್ಮದು. ಆ ಬಿಸಿಲಿನಿಂದಲೇ ಶಾಲೆಗಳ ಫ್ಯಾನು ತಿರುಗಲಿ ಅನ್ನೋದು ನನ್ನ ಬೇಡಿಕೆ.

ಸರಕಾರಿ ಶಾಲೆಗೆ ಕರೆಂಟು ಉಚಿತ ಅಂತ 2024ರಲ್ಲೇ ಸರಕಾರ ಹೇಳಿದೆ, ಮತ್ತೆ ಸೋಲಾರ್ ಯಾಕೆ ಅಂತ ಊರಲ್ಲಿ ಕೇಳುತ್ತಾರೆ. ಶಾಲೆ ಬಿಲ್ಲು ಕಟ್ಟದಿದ್ದರೂ ಕರೆಂಟು ಕೊಡುವ ಕಂಪನಿ ಹೆಸ್ಕಾಂಗೆ ಯಾರಾದರೂ ದುಡ್ಡು ಕಟ್ಟಲೇಬೇಕಲ್ವಾ? ಅದು ನಮ್ಮೆಲ್ಲರ ದುಡ್ಡು.

ಲೆಕ್ಕ ನೋಡಿ. 3 ಕಿಲೋವ್ಯಾಟ್ ಪ್ಯಾನೆಲ್‌ಗೆ ಸುಮಾರು 300 ಚದರ ಅಡಿ ಸ್ಲ್ಯಾಬು ಸಾಕು, ದಿನಕ್ಕೆ 12 ಯೂನಿಟ್ ಆಸುಪಾಸು ಬರುತ್ತದೆ. ಹತ್ತು ಫ್ಯಾನು ಆರು ತಾಸು ತಿರುಗಿದರೂ ನಾಲ್ಕೂವರೆ ಯೂನಿಟ್. ಉಳಿದದ್ದು ಕಂಪ್ಯೂಟರ್, ಸ್ಮಾರ್ಟ್ ಕ್ಲಾಸ್ ಟಿವಿ, ನೀರಿನ ಮೋಟಾರಿಗೆ. ಮನೆಗೆ ಕರೆಂಟು ಜಾಸ್ತಿ ಬೇಕಾಗೋದು ರಾತ್ರಿ, ಶಾಲೆಗೆ ಬೇಕಾಗೋದು ಬಿಸಿಲಿರುವಾಗಲೇ. ಏಪ್ರಿಲ್-ಮೇನಲ್ಲಿ ಶಾಲೆಗೆ ರಜೆ, ಆಗಲೇ ಬಿಸಿಲು ಜೋರು. ನೆಟ್ ಮೀಟರ್ (ಲೈನಿನಿಂದ ತಗೊಂಡ ಕರೆಂಟನ್ನೂ ಲೈನಿಗೆ ಕೊಟ್ಟ ಕರೆಂಟನ್ನೂ ಅಳೆಯುವ ಮೀಟರ್) ಇದ್ದರೆ ಆ ಯೂನಿಟ್‌ಗಳು ಲೈನಿಗೆ ಹೋಗಿ ಶಾಲೆಯ ಲೆಕ್ಕಕ್ಕೆ ಜಮಾ ಆಗುತ್ತವೆ.

ಆದರೆ ಹಾಕಿಸಿ ಕೈತೊಳೆದುಕೊಳ್ಳುವುದಾದರೆ ಬೇಡವೇ ಬೇಡ. ನಮ್ಮ ಶಾಲೆಗೆ ಹಿಂದೊಮ್ಮೆ ಬ್ಯಾಟರಿ ಸೋಲಾರ್ ಬಂದಿತ್ತು. ಕೆಲವೇ ವರ್ಷಕ್ಕೆ ಬ್ಯಾಟರಿ ಕುಳಿತುಬಿಟ್ಟಿತು. ಹೆಡ್ ಮಾಸ್ತರು ಫೋನ್ ಮಾಡಿ ಮಾಡಿ ಸಾಕಾದರು, ಯಾರೂ ಬರಲಿಲ್ಲ, ಈಗ ಆ ಬ್ಯಾಟರಿಗಳು ಬಿಸಿಯೂಟದ ಅಕ್ಕಿ ಚೀಲಗಳ ಪಕ್ಕದಲ್ಲಿ ಧೂಳು ತಿನ್ನುತ್ತಿವೆ. ಆ ಕೋಣೆ ಬಾಗಿಲು ತೆಗೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅದಕ್ಕೇ ಟೆಂಡರಿನಲ್ಲೇ ಐದು ವರ್ಷದ ರಿಪೇರಿ ಸೇರಿಸಿ, ಗುತ್ತಿಗೆದಾರನ ಸ್ವಲ್ಪ ದುಡ್ಡು ತಡೆಹಿಡಿದು ವರ್ಷ ವರ್ಷ ಕೊಡಿ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೋಲಾರ್, ಲೈನಿನ ಕರೆಂಟು ಹೋದಾಗ ತಾನೂ ನಿಲ್ಲುತ್ತದೆ, ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯಬಹುದು. ಹಾಗಾಗಿ ಕಂಪ್ಯೂಟರ್ ಕೋಣೆಗಾದರೂ ಒಂದು ಸಣ್ಣ ಬ್ಯಾಟರಿ ಇರಲಿ. ಜೋಳದ ಸುಗ್ಗಿಯಲ್ಲಿ ಧೂಳು ಕೂತು ಕರೆಂಟು ಕಡಿಮೆಯಾಗುತ್ತದೆ, ಹದಿನೈದು ದಿನಕ್ಕೊಮ್ಮೆ ಬಿಸಿಲೇರುವ ಮುಂಚೆ ನೀರು ಹಾಕಿ ಒರೆಸುವ ಕೆಲಸ ಎಸ್‌ಡಿಎಂಸಿಗೆ ಬಿಡಿ. ಮಕ್ಕಳನ್ನು ಮಾತ್ರ ಮಾಳಿಗೆ ಹತ್ತಿಸಬಾರದು.

ಖರ್ಚು ಒಂದೂವರೆಯಿಂದ ಎರಡು ಲಕ್ಷ ಬರಬಹುದು. ಮನೆ ಮೇಲೆ 3 ಕಿಲೋವ್ಯಾಟ್ ಹಾಕಿಸಿದರೆ ಕೇಂದ್ರ ಸರಕಾರ ಪಿಎಂ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿ ಕೊಡುತ್ತದೆ, ಶಾಲೆಗೆ ಅದು ಸಿಗುವುದಿಲ್ಲ. ಅದಕ್ಕೇ ನಿಮ್ಮ ಪ್ರದೇಶಾಭಿವೃದ್ಧಿ ನಿಧಿಯನ್ನು ಕೇಳುತ್ತಿದ್ದೇನೆ. ಕ್ಷೇತ್ರದ ಎಲ್ಲ ಶಾಲೆಗೂ ಒಂದೇ ಸಲ ಆಗುವುದಿಲ್ಲ ಅಂತ ಗೊತ್ತು. ಮೊದಲ ವರ್ಷ ಹತ್ತು ಶಾಲೆ ಆರಿಸಿ. ಹಂಚು, ತಗಡಿನ ಕೋಣೆ ಬಿಟ್ಟು ಗಟ್ಟಿ ಸ್ಲ್ಯಾಬು ಇರುವ, ಮರದ ನೆರಳು ಬೀಳದ ಶಾಲೆಗಳ ಪಟ್ಟಿ ಮಾಡಲು ನಿಮ್ಮ ಎಂಜಿನಿಯರನ್ನು ಒಂದು ವಾರ ಕಳಿಸಿದರೆ ಸಾಕು. ನಮ್ಮ ಊರಿಗೆ ಬಂದರೆ ಏಣಿ ಹಿಡಿದು ನಾನೇ ನಿಂತಿರುತ್ತೇನೆ.

ನಿಮ್ಮ ಕ್ಷೇತ್ರದ ಒಬ್ಬ ಪಾಲಕ