ಸಕಲೇಶಪುರಕ್ಕೆ ಬರಲಿರುವ ಪಿನ್‌ಬಾಲ್ ಮಷಿನ್: ಗೆಳೆಯನಿಗೊಂದು ಪತ್ರ

ಹಾಸನ

ಪ್ರಿಯ ರವಿ,

ಇಲ್ಲಿ ಎಲ್ಲರೂ ಕ್ಷೇಮ. ಮೇ ತಿಂಗಳಲ್ಲಿ ಅಮೆರಿಕದ ಆಲೆನ್‌ಟೌನ್‌ನಲ್ಲಿ ನಡೆಯುವ ಪಿನ್‌ಬಾಲ್ ಮೇಳ ಪಿನ್‌ಫೆಸ್ಟ್‌ಗೆ ಹೋಗಿ, ಓರೆ ಹಲಗೆಯ ಮೇಲೆ ಉಕ್ಕಿನ ಬಾಲ್ ಹೊಡೆದು ಆಡುವ ಹಳೆಯ ಪಿನ್‌ಬಾಲ್ ಮಷಿನ್ ಒಂದನ್ನು ಕೊಂಡು, ಊರಿಗೆ ವಾಪಸ್ ಬರುವಾಗ ಮನೆ ಸಾಮಾನಿನ ಜೊತೆ ತರಬೇಕು ಅಂತ ಬರೆದಿದ್ದೀಯ. ತುಂಬಾ ಖುಷಿಯಾಯಿತು. ಆದರೆ ಮೇಳದಲ್ಲಿ ಅದು ಎಷ್ಟು ಚೆನ್ನಾಗಿ ಆಡುತ್ತದೆ ಅನ್ನುವುದಕ್ಕಿಂತ, ಕೆಟ್ಟ ದಿನ ಸಕಲೇಶಪುರದಲ್ಲಿ ಕೂತು ಅದನ್ನು ಸರಿಮಾಡಲು ಆಗುತ್ತದಾ ಅನ್ನುವುದನ್ನೇ ಮೊದಲು ನೋಡು. ಈ ಮಷಿನ್‌ಗಳ ದೊಡ್ಡ ಕಂಪನಿಗಳೆಲ್ಲ, ಗಾಟ್ಲೀಬ್, ವಿಲಿಯಮ್ಸ್, ಬ್ಯಾಲಿ, ಸ್ಟರ್ನ್, ಷಿಕಾಗೋದವು. ಅಲ್ಲಿಂದ ಯಾರೂ ರಿಪೇರಿಗೆ ಬರುವುದಿಲ್ಲ, ಹಾಸನದಲ್ಲಿ ಇದನ್ನು ಬಿಚ್ಚಿ ಗೊತ್ತಿದ್ದವರೂ ಸಿಗುವುದಿಲ್ಲ. ಮೆಕ್ಯಾನಿಕ್ ನೀನೇ ಆಗಬೇಕು.

ಹಾಗಾಗಿ ಯಾವ ಕಾಲದ ಮಷಿನ್ ಅನ್ನುವುದೇ ಮೊದಲ ತೀರ್ಮಾನ. 1977ರ ಆಸುಪಾಸಿನವರೆಗೆ ಬಂದವು ಎಲೆಕ್ಟ್ರೋ-ಮೆಕ್ಯಾನಿಕಲ್. ರಿಲೇ, ತಿರುಗುವ ಸ್ಕೋರ್ ಚಕ್ರ, ನೂರಾರು ಪಟ್ಟಿ ಸ್ವಿಚ್‌ಗಳು. ಚಿಪ್ಪೇ ಇಲ್ಲವಲ್ಲ, ಸುಲಭ ಅನ್ನಿಸುತ್ತದೆ. ನಮ್ಮ ಮಲೆನಾಡಿಗೆ ಅದು ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ನೂರಾರು ಕಾಂಟ್ಯಾಕ್ಟ್‌ಗಳಿಗೆ ಥಂಡಿ ಹಿಡಿದು ಕಿಲುಬು ಕೂರುತ್ತದೆ, ಪ್ರತಿ ವರ್ಷ ಉಜ್ಜುತ್ತಾ ಕೂರಬೇಕು. ಜೊತೆಗೆ 60 ಹರ್ಟ್ಸ್ ಕರೆಂಟಿಗೆ ಮಾಡಿದ ಮೋಟರ್ ನಮ್ಮ 50 ಹರ್ಟ್ಸ್‌ನಲ್ಲಿ ನಿಧಾನವಾಗಿ ಓಡುತ್ತದೆ, ಟ್ರಾನ್ಸ್‌ಫಾರ್ಮರ್ ಹೆಚ್ಚು ಬಿಸಿಯಾಗುತ್ತದೆ.

ಅದರ ನಂತರದ ಬ್ಯಾಲಿ ಮತ್ತು ಹಳೆಯ ಸ್ಟರ್ನ್ ಮಷಿನ್‌ಗಳು ಪರವಾಗಿಲ್ಲ, ಅವುಗಳ ಬೋರ್ಡ್‌ಗಳನ್ನು ಈಗಲೂ ಹೊಸದಾಗಿ ಮಾಡಿ ಮಾರುವವರಿದ್ದಾರೆ. ಅದೇ ಕಾಲದ ವಿಲಿಯಮ್ಸ್‌ನಲ್ಲಿ ಎರಡು ಬೋರ್ಡ್‌ಗಳ ನಡುವಿನ 40 ಪಿನ್ನಿನ ಜೋಡಣೆ ಸಡಿಲವಾಗಿ ಕಾಟ ಕೊಡುತ್ತದೆ. ಗಾಟ್ಲೀಬ್‌ನ ಸಿಸ್ಟಮ್ 80 ಎಂಬ ಮಾದರಿಗಳಲ್ಲಿ ಬೋರ್ಡ್‌ಗಳ ಗ್ರೌಂಡ್ ಜೋಡಣೆಯ ಸಮಸ್ಯೆ ಹೆಚ್ಚು, ಅದನ್ನು ದಾಟಿ ಮುಂದೆ ಹೋಗು. 2015ರ ಈಚೆಗಿನ ಸ್ಟರ್ನ್‌ಗಳಲ್ಲಿ ಪುಟ್ಟ ಪುಟ್ಟ ಭಾಗಗಳನ್ನು ಬೋರ್ಡಿನ ಮೈಗೇ ಕೂರಿಸಿದ್ದಾರೆ, ಸಾಮಾನ್ಯ ಸೋಲ್ಡರಿಂಗ್ ಐರನ್‌ಗೆ ಬಗ್ಗುವುದಿಲ್ಲ.

ನಿನಗೆ ಹೇಳಿಮಾಡಿಸಿದ್ದು 1990ರಿಂದ 1999ರವರೆಗೆ ವಿಲಿಯಮ್ಸ್ ಮತ್ತು ಬ್ಯಾಲಿ ಹೆಸರಲ್ಲಿ ಬಂದ ಡಬ್ಲ್ಯೂಪಿಸಿ (ವಿಲಿಯಮ್ಸ್ ಪಿನ್‌ಬಾಲ್ ಕಂಟ್ರೋಲರ್ ಎಂಬ ಬೋರ್ಡ್‌ಗಳ) ಮಷಿನ್‌ಗಳು. ದೊಡ್ಡ ದೊಡ್ಡ ಭಾಗಗಳು, ಕೈಯಲ್ಲೇ ಬೆಸುಗೆ ಹಾಕಬಹುದು, ಮ್ಯಾನುಯಲ್ ಮತ್ತು ಸರ್ಕ್ಯೂಟ್ ನಕ್ಷೆ ಇಂಟರ್ನೆಟ್ ಪಿನ್‌ಬಾಲ್ ಡೇಟಾಬೇಸ್‌ನಲ್ಲಿ ಸಿಗುತ್ತವೆ. ಅದರಲ್ಲೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದದ್ದನ್ನು ಆರಿಸು. 1992ರ ಫಿಶ್ ಟೇಲ್ಸ್ 13 ಸಾವಿರಕ್ಕೂ ಮೇಲೆ ತಯಾರಾಯಿತು. 1994ರ ವರ್ಲ್ಡ್ ಕಪ್ ಸಾಕರ್ ಕೂಡ ಒಳ್ಳೆಯದು. ಅಪರೂಪದ ಮಷಿನ್‌ನ ಒಂದು ಪ್ಲಾಸ್ಟಿಕ್ ರಾಂಪ್ (ಬಾಲ್ ಹತ್ತುವ ಇಳಿಜಾರು) ಸೀಳಿದರೆ ಇನ್ನೊಂದು ಹುಡುಕುವಷ್ಟರಲ್ಲಿ ಸಾಕಾಗುತ್ತದೆ.

ಮೇಳದ ರೀತಿ ಇಷ್ಟು ತಿಳಿದಿರಲಿ. ಮಾರುವವರು ಮಷಿನ್ ತಂದು, ಬೆಲೆಯ ಚೀಟಿ ಅಂಟಿಸಿ, ಎಲ್ಲರೂ ಆಡಲು ಬಿಟ್ಟಿರುತ್ತಾರೆ. ಒಳ್ಳೆಯ ಮಾಲು ಮೊದಲ ದಿನವೇ ಕೈಬದಲಾಗುತ್ತದೆ. ಕೊನೆಯ ದಿನ ಮಧ್ಯಾಹ್ನ ಬೆಲೆ ಇಳಿಯುತ್ತದೆ, ಅಷ್ಟು ಭಾರದ ಸಾಮಾನನ್ನು ಮತ್ತೆ ಹೊತ್ತೊಯ್ಯಲು ಯಾರಿಗೂ ಇಷ್ಟವಿಲ್ಲ. ನಗದು ಇಟ್ಟುಕೊಂಡಿರು. ನೀನು ಕೊಂಡ ಮೇಲೂ ಮೇಳ ಮುಗಿಯುವವರೆಗೆ ಆಟಕ್ಕೆ ಇಡುವ ಪದ್ಧತಿ ಇರುತ್ತದೆ, ಅದನ್ನು ಮೊದಲೇ ಕೇಳಿಕೋ. ಬಿಡುವಿಲ್ಲದೆ ಆಡಿಸಿಕೊಂಡ ಮಷಿನ್ ಕೊನೆಯ ದಿನ ಹೇಗಿದೆ ಅನ್ನುವುದೇ ಒಂದು ಒಳ್ಳೆಯ ಪರೀಕ್ಷೆ, ಹಾಗಾಗಿ ಮೆಚ್ಚಿದ್ದನ್ನು ದಿನಕ್ಕೆರಡು ಸಲ ಹೋಗಿ ಆಡಿ ನೋಡು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ, ಪರಿಶೀಲನೆ. ಒಂದು ಸಣ್ಣ ಟಾರ್ಚ್, ಮಲ್ಟಿಮೀಟರ್ ತಗೊಂಡು ಹೋಗು. ಮೊದಲು ತೆರೆಸಬೇಕಾದದ್ದು ಹಿಂದೆ ಎತ್ತರಕ್ಕೆ ನಿಂತ ಬ್ಯಾಕ್‌ಬಾಕ್ಸ್. ಸ್ಕೋರ್, ಹೆಸರುಗಳನ್ನು ನೆನಪಿಡಲು ಸಿಪಿಯು ಬೋರ್ಡಿನ ಮೇಲೇ ಮೂರು ಪೆನ್ಸಿಲ್ ಸೆಲ್ ಇಟ್ಟಿರುತ್ತಾರೆ. ಈ ಜಾತಿಯ ಮಷಿನ್‌ಗಳನ್ನು ಕೊಂದಿರುವುದು ಬಹುಪಾಲು ಈ ಸೆಲ್‌ಗಳೇ. ಮರೆತುಬಿಟ್ಟರೆ ಸೋರಿ, ಕ್ಷಾರ ಕೆಳಗಿಳಿದು ತಾಮ್ರದ ಗೆರೆಗಳನ್ನೂ ಚಿಪ್ಪಿನ ಸಾಕೆಟ್‌ಗಳನ್ನೂ ತಿಂದುಹಾಕುತ್ತದೆ. ಸೆಲ್ ಹಿಡಿಕೆಯ ಕೆಳಗೆ ಟಾರ್ಚ್ ಬಿಡು. ಹಸಿರು ಅಥವಾ ಬಿಳಿ ಪುಡಿ, ಮಂಕಾದ ಬೆಸುಗೆ, ಕಪ್ಪಾದ ಚಿಪ್ಪಿನ ಕಾಲು ಕಂಡರೆ ಹೊಸ ಸಿಪಿಯು ಬೋರ್ಡಿನ ಬೆಲೆಯನ್ನು ಕಳೆದೇ ಮಾತಾಡು. ಸೆಲ್ಲನ್ನು ವೈರಿನಲ್ಲಿ ಎಳೆದು ಬೇರೆ ಕಡೆ ಇಟ್ಟಿದ್ದರೆ, ಅಥವಾ ಸೆಲ್ಲೇ ಬೇಡದ ಮೆಮೊರಿ ಚಿಪ್ ಹಾಕಿದ್ದರೆ, ಆ ಮಾಲೀಕ ಮಷಿನ್ ಬಗ್ಗೆ ಕಾಳಜಿ ಇದ್ದವನು.

ಅಲ್ಲೇ ಪವರ್ ಡ್ರೈವರ್ ಬೋರ್ಡಿನ ಕೆಳಗಡೆ ದೀಪಗಳಿಗೆ ಕರೆಂಟ್ ಕೊಡುವ ಕನೆಕ್ಟರ್‌ಗಳಿವೆ, ಜೆ120 ಮತ್ತು ಜೆ121 ಅಂತ ಬರೆದಿರುತ್ತದೆ. ವರ್ಷಗಟ್ಟಲೆ ಬಿಸಿಯಾಗಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಕಂದು ಅಂದರೆ ಬೋರ್ಡಿನ ಪಿನ್ ಮತ್ತು ವೈರಿನ ಕನೆಕ್ಟರ್ ಎರಡನ್ನೂ ಬದಲಿಸಬೇಕು, ಒಂದನ್ನೇ ಬದಲಿಸಿದರೆ ಹಳೆಯದು ಹೊಸದನ್ನೂ ಸುಡುತ್ತದೆ. ಪೂರ್ತಿ ಕರಕಲಾಗಿ, ಯಾರೋ ವೈರನ್ನೇ ನೇರ ಬೋರ್ಡಿಗೆ ಬೆಸೆದಿದ್ದರೆ ಬಿಟ್ಟುಬಿಡು. ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆದು, ಅದರ ಮೇಲಿನ ಆಂಪಿಯರನ್ನು ಮ್ಯಾನುಯಲ್ ಜೊತೆ ತಾಳೆ ನೋಡು. ಬೇಕಾದದ್ದಕ್ಕಿಂತ ದೊಡ್ಡ ಫ್ಯೂಸ್ ಇದ್ದರೆ ಒಳಗೆ ಎಲ್ಲೋ ಶಾರ್ಟ್ ಇದ್ದು, ಅದನ್ನು ಮುಚ್ಚಿರಬಹುದು.

ಪ್ಲೇಫೀಲ್ಡ್, ಅಂದರೆ ಬಾಲ್ ಓಡುವ ಹಲಗೆ, ನೋಡುವಾಗ ಗಾಜು ತೆಗೆಸು. ಗಾಜಿನ ಮೇಲಿಂದ ನೋಡಿದರೆ ಎಲ್ಲ ಮಷಿನ್ ಚೆನ್ನಾಗಿಯೇ ಕಾಣುತ್ತದೆ. ಟಾರ್ಚನ್ನು ಮರಕ್ಕೆ ತಾಗಿಸಿ ಓರೆಯಾಗಿ ಹಿಡಿ. ದೀಪಗಳ ಮೇಲಿನ ಬಣ್ಣದ ಪ್ಲಾಸ್ಟಿಕ್ ಬಿಲ್ಲೆಗಳು ಕೆಳಗಿಳಿದಿದ್ದರೆ ಅಲ್ಲಿ ಬಾಲ್ ದಾರಿ ತಪ್ಪುತ್ತದೆ. ಬಾಲ್ ಬೀಳುವ ಗುಂಡಿಗಳ ತುಟಿ, ಬಾಲನ್ನು ಹೊಡೆಯುವ ಫ್ಲಿಪ್ಪರ್ ಕೈಗಳ ಮುಂದಿನ ಜಾಗ, ಬಾಲ್ ಹೊರಡುವ ಓಣಿ, ಈ ಮೂರು ಕಡೆ ಬಣ್ಣ ಸವೆದು ಮರ ಕಾಣುತ್ತದಾ ನೋಡು. ಬಾಲ್ 27 ಮಿಲಿಮೀಟರ್ ದಪ್ಪದ ಉಕ್ಕಿನದು, ಸುಮಾರು 80 ಗ್ರಾಂ ತೂಗುತ್ತದೆ. ಅದರ ಮೈ ತರಚಿದ್ದರೆ ಉಪ್ಪುಕಾಗದ ಎಳೆದ ಹಾಗೆ ಮರವನ್ನು ತಿನ್ನುತ್ತದೆ. ಮಾಲೀಕ ಬಾಲ್ ಬದಲಿಸಿದ್ದಾನಾ ಅನ್ನುವುದರಲ್ಲೇ ಅರ್ಧ ಇತಿಹಾಸ ಗೊತ್ತಾಗುತ್ತದೆ.

ಆಮೇಲೆ ಬಾಲ್‌ಗಳನ್ನೆಲ್ಲ ತೆಗೆಸಿ ಪ್ಲೇಫೀಲ್ಡನ್ನು ಎತ್ತಿ ನಿಲ್ಲಿಸಲು ಮಾರುವವನಿಗೇ ಹೇಳು. ಕೆಳಗಡೆ ನೋಡಿದಾಗ ಕಾಯಿಲ್‌ಗಳ (ಕರೆಂಟ್ ಹರಿದಾಗ ಭಾಗಗಳನ್ನು ಎಳೆದು ಹೊಡೆಸುವ ತಂತಿ ಸುರುಳಿಗಳ) ಮೇಲಿನ ಕಾಗದ ಕಪ್ಪಾಗಿರಬಾರದು, ಅದರ ನಂಬರ್ ಮ್ಯಾನುಯಲ್‌ನಲ್ಲಿ ಇರುವುದೇ ಆಗಿರಬೇಕು. ಫ್ಲಿಪ್ಪರ್ ಕಾಯಿಲ್‌ನಲ್ಲಿ ಎರಡು ಸುತ್ತು: ಹೊಡೆಯುವುದು ಸುಮಾರು 4 ಓಮ್, ಹಿಡಿದು ನಿಲ್ಲಿಸುವುದು 100 ಓಮ್‌ಗೂ ಹೆಚ್ಚು. ಮಷಿನ್ ಆಫ್ ಇದ್ದಾಗ ಮೀಟರ್ ಇಟ್ಟರೆ ತಿಳಿಯುತ್ತದೆ. ಫ್ಲಿಪ್ಪರನ್ನು ಕೈಯಲ್ಲಿ ಮೇಲೆ ಕೆಳಗೆ ಎಳೆದು ನೋಡು. ತುಂಬ ಸಡಿಲವಾಗಿ ಅಲ್ಲಾಡಿದರೆ ಬುಷ್, ಲಿಂಕ್, ಸ್ಲೀವ್ ಸವೆದಿವೆ. ಅದಕ್ಕೆ ಹೆದರಬೇಡ, ರಿಬಿಲ್ಡ್ ಕಿಟ್ ಸಿಗುತ್ತದೆ, ಸಂಜೆಯೊಳಗೆ ಮುಗಿಯುವ ಕೆಲಸ. ಪೆಟ್ಟಿಗೆಯ ತಳದ ಹಲಗೆ ಉಬ್ಬಿದ್ದರೆ, ಬೂಷ್ಟಿನ ವಾಸನೆ ಬಂದರೆ ಮಾತ್ರ ನೀರು ನಿಂತ ನೆಲಮಾಳಿಗೆಯಿಂದ ಬಂದ ಮಾಲು. ಅಂಥದ್ದನ್ನು ನಮ್ಮ ಮಳೆಗೆ ತಂದರೆ ಎರಡನೇ ವರ್ಷಕ್ಕೆ ಕಾಲಿನ ಮೂಲೆಗಳು ಬಿಡುತ್ತವೆ.

ಆನ್ ಮಾಡಿದ ತಕ್ಷಣ ಯಾವುದಾದರೂ ಕಾಯಿಲ್ ಬಿಡದೆ ಗುಂಯ್‌ಗುಟ್ಟಿದರೆ ಕೂಡಲೇ ಆಫ್ ಮಾಡಿಸು, ಅದರ ಟ್ರಾನ್ಸಿಸ್ಟರ್ ಶಾರ್ಟ್ ಆಗಿದೆ. ಸ್ಕ್ರೀನಿನಲ್ಲಿ ಕ್ರೆಡಿಟ್ ಸಂಖ್ಯೆಯ ಪಕ್ಕ ಒಂದು ಚುಕ್ಕೆ ಇದ್ದರೆ ಮಷಿನ್ ತನ್ನಲ್ಲೇ ದೋಷ ಕಂಡುಕೊಂಡಿದೆ ಎಂದು ಲೆಕ್ಕ. ಕಾಸಿನ ಬಾಗಿಲೊಳಗಿನ ಗುಂಡಿಗಳಿಂದ ಟೆಸ್ಟ್ ಮೆನುಗೆ ಹೋಗಿ ಸ್ವಿಚ್, ದೀಪ, ಕಾಯಿಲ್ ಎಲ್ಲವನ್ನೂ ಒಂದೊಂದಾಗಿ ಓಡಿಸು. ಬಾಗಿಲು ತೆರೆದಾಗ ಕಾಯಿಲ್ ಹೊಡೆಯದಿದ್ದರೆ ಗಾಬರಿಯಾಗಬೇಡ, ಕೆಲವು ಮಾದರಿಗಳಲ್ಲಿ ರಕ್ಷಣೆಗೆ ಒಂದು ಸ್ವಿಚ್ ಇದೆ, ಅದನ್ನು ಹೊರಗೆಳೆದು ಹಿಡಿದರೆ ಹೊಡೆಯುತ್ತದೆ.

ಇನ್ನೊಂದು ಪರೀಕ್ಷೆ ನಮ್ಮ ಊರಿಗಾಗಿಯೇ. ಹಲವು ಬಾಲ್ ಒಟ್ಟಿಗೆ ಓಡುವಾಗ ಎರಡೂ ಫ್ಲಿಪ್ಪರ್‌ಗಳನ್ನು ಒಟ್ಟಿಗೆ ಪಟಪಟ ಒತ್ತುತ್ತಾ ಇರು. ಮಷಿನ್ ದಿಢೀರ್ ಅಂತ ಆಟ ನಿಲ್ಲಿಸಿ ಮೊದಲಿನಿಂದ ಶುರುವಾದರೆ 5 ವೋಲ್ಟ್ ಸರಬರಾಜು ಕುಸಿಯುತ್ತಿದೆ. ಕಾರಣ ಸಾಮಾನ್ಯವಾಗಿ ಎಸಿ ಕರೆಂಟನ್ನು ಡಿಸಿ ಮಾಡುವ ಬಿಆರ್2 ಎಂಬ ಬ್ರಿಡ್ಜ್ ರೆಕ್ಟಿಫೈಯರ್, ಸಿ5 ಎಂಬ 15,000 ಮೈಕ್ರೋಫ್ಯಾರಡ್ ಕೆಪಾಸಿಟರ್, ಅಥವಾ ಅವುಗಳ ಸುತ್ತ ಬಿರುಕು ಬಿಟ್ಟ ಬೆಸುಗೆ. ಹಾಲ್‌ನಲ್ಲಿ ವೋಲ್ಟೇಜ್ ಕಮ್ಮಿ, ಅದಕ್ಕೇ ಹೀಗೆ ಅಂತ ಹೇಳುವವರಿದ್ದಾರೆ. ಇರಬಹುದು. ಆದರೆ ಸಂಜೆ ಹೊತ್ತು ಎಸ್ಟೇಟ್ ಲೈನಿನಲ್ಲಿ ಬಲ್ಬ್ ಮಂಕಾಗುವ ಊರಿಗೆ ಹೋಗುವ ಮಷಿನ್ ಅಷ್ಟಕ್ಕೇ ಸೋಲಬಾರದು. ಆ ಎರಡು ಭಾಗ ಬದಲಿಸಿಕೊಡಲು ಕೇಳು, ಇಲ್ಲವೇ ಆ ಖರ್ಚು ಬೆಲೆಯಲ್ಲಿ ಇಳಿಸು.

ಕರೆಂಟಿನ ವಿಷಯ ಗಮನವಿಟ್ಟು ಓದು. ಡಬ್ಲ್ಯೂಪಿಸಿಯ ಟ್ರಾನ್ಸ್‌ಫಾರ್ಮರನ್ನು 230 ವೋಲ್ಟ್‌ಗೆ ಬದಲಿಸಬಹುದು, ಅದರ ಪ್ಲಗ್‌ನಲ್ಲಿ ಜಂಪರ್ ವೈರ್‌ಗಳ ಜಾಗ ಬದಲಿಸಬೇಕು, ಕೋಷ್ಟಕ ಮ್ಯಾನುಯಲ್‌ನಲ್ಲಿದೆ. ಬಹಳ ಜನ ಅಷ್ಟಕ್ಕೇ ನಿಲ್ಲಿಸುತ್ತಾರೆ. ಕರೆಂಟ್ ಒಳಬರುವ ಡಬ್ಬಿಯೊಳಗೆ ವೋಲ್ಟೇಜ್ ದಿಢೀರ್ ಏರಿದರೆ ತಡೆಯುವ 130 ವೋಲ್ಟಿನ ವೇರಿಸ್ಟರ್ ಕೂತಿರುತ್ತದೆ. ಅದನ್ನು 275 ವೋಲ್ಟಿನದಕ್ಕೆ ಬದಲಿಸದೆ ನಮ್ಮ ಸಾಕೆಟ್ಟಿಗೆ ಹಾಕಿದರೆ ಢಮ್ ಅಂತ ಸಿಡಿಯುತ್ತದೆ. ಲೈನ್ ಫ್ಯೂಸನ್ನೂ ಮ್ಯಾನುಯಲ್‌ನಲ್ಲಿ 230ಕ್ಕೆ ಹೇಳಿದ ಕಡಿಮೆ ಆಂಪಿಯರಿಗೆ ಇಳಿಸು. ಪ್ಲಗ್ ಬದಲಿಸುವಾಗ ನೆನಪಿಡು: ಅಮೆರಿಕದ ವೈರಿನಲ್ಲಿ ಕಪ್ಪು ಫೇಸ್, ಬಿಳಿ ನ್ಯೂಟ್ರಲ್, ಹಸಿರು ಅರ್ತ್. ನಮ್ಮ ಎಲೆಕ್ಟ್ರಿಷಿಯನ್‌ಗಳಿಗೆ ಕಪ್ಪು ಅಂದರೆ ನ್ಯೂಟ್ರಲ್. ಈ ಕೆಲಸ ಮಾಡುವಾಗ ನೀನೇ ಪಕ್ಕದಲ್ಲಿ ನಿಲ್ಲು. ಹಳೆಯ ಪ್ಲಗ್‌ನ ಅರ್ತ್ ಪಿನ್ನನ್ನು ಯಾರೋ ಕತ್ತರಿಸಿ ಹಾಕಿರುವುದೂ ಉಂಟು, ಅದನ್ನೂ ನೋಡು.

ಸಾಗಿಸುವ ವಿಚಾರ. ತೂಕ 110ರಿಂದ 135 ಕಿಲೋ. ಬಾಲ್‌ಗಳನ್ನು ತೆಗೆ, ಸೆಲ್‌ಗಳನ್ನು ತೆಗೆ, ಬ್ಯಾಕ್‌ಬಾಕ್ಸ್ ಮಡಚಿ ನಡುವೆ ಕಂಬಳಿ ಇಟ್ಟು ಬೆಲ್ಟ್ ಬಿಗಿ, ಕಾಲು ಬಿಚ್ಚು. ಒಂದು ಬಾಲ್ ಒಳಗೆ ಉಳಿದರೂ ಹಡಗು ಇಳಿಯುವಷ್ಟರಲ್ಲಿ ಪ್ಲಾಸ್ಟಿಕ್ ಒಂದೂ ಉಳಿಯುವುದಿಲ್ಲ. ಮರದ ಕ್ರೇಟಿಗೆ ಶಾಖ ಸಂಸ್ಕರಣೆಯ ಐಎಸ್‌ಪಿಎಂ 15 (ಮರದ ಪ್ಯಾಕಿಂಗ್‌ಗಿರುವ ಅಂತರರಾಷ್ಟ್ರೀಯ ನಿಯಮ) ಮುದ್ರೆ ಬೇಕು. ಹಳೆಯ ಸಾಮಾನಿನ ಆಮದಿಗೆ ಪ್ರತ್ಯೇಕ ನಿಯಮಗಳಿವೆ, ಹಾಗಾಗಿ ದುಡ್ಡು ಕೊಡುವ ಮೊದಲೇ ಕಸ್ಟಮ್ಸ್ ಏಜೆಂಟ್ ಹತ್ತಿರ ಬರಹದಲ್ಲಿ ಉತ್ತರ ತರಿಸಿಕೋ. ಮೇ ತಿಂಗಳಲ್ಲೇ ಹಡಗಿಗೆ ಹಾಕಿದರೆ ಮಂಗಳೂರಿಗೆ ಬಂದು ಶಿರಾಡಿ ಘಾಟಿ ಹತ್ತುವ ಹೊತ್ತಿಗೆ ಜಡಿಮಳೆ, ಗುಡ್ಡ ಕುಸಿದು ರಸ್ತೆ ಬಂದ್ ಆಗುವ ಕಾಲ. ಲಾರಿಯಲ್ಲಿ ವಾರಗಟ್ಟಲೆ ನೆನೆಯುವುದು ಬೇಡ. ಅಲ್ಲೇ ಒಣ ಜಾಗದಲ್ಲಿ ಇಟ್ಟು, ದಸರಾ ಕಳೆದ ಮೇಲೆ ಇಲ್ಲಿಗೆ ಮುಟ್ಟುವ ಹಾಗೆ ಕಳಿಸು.

ಕ್ರೇಟಿನಲ್ಲೇ ಬಿಡಿಭಾಗ ತುಂಬಿಸು: ಎರಡು ರಬ್ಬರ್ ರಿಂಗ್ ಸೆಟ್, ಎರಡು ಫ್ಲಿಪ್ಪರ್ ಕಿಟ್, ಒಂದು ಹೊಸ ಬಾಲ್ ಸೆಟ್, ನೈಲಾನ್ ಸ್ಲೀವ್ ಹತ್ತು, ಕಾಯಿಲ್‌ಗಳನ್ನು ಓಡಿಸುವ ಟಿಐಪಿ102 ಟ್ರಾನ್ಸಿಸ್ಟರ್ ಹತ್ತು. ಫ್ಯೂಸ್ ಪ್ರತಿ ಅಳತೆಯಲ್ಲೂ ಐದೈದು ತಾ, ಇವು 32 ಮಿಲಿಮೀಟರ್ ಉದ್ದದವು, ಇಲ್ಲಿನ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು 20ರದು. ಕಾಲಿನ ಬೋಲ್ಟ್‌ಗಳು ಇಂಚಿನ ಲೆಕ್ಕದವು, ಎಂಟು ಹೆಚ್ಚಿಗೆ ಇರಲಿ. 1ಎನ್4004 ಡಯೋಡ್ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಬೇಕಾದಷ್ಟು ಸಿಗುತ್ತದೆ, ಹೊತ್ತು ತರಬೇಡ. ಫ್ಲಿಪ್ಪರ್ ಬಿಗಿಯಾಯಿತು ಅಂತ ಯಾರಾದರೂ ಹೊಲಿಗೆ ಮಷಿನ್ ಎಣ್ಣೆ ಬಿಡಲು ಬಂದರೆ ತಡೆ. ಅದು ಒಣಗಿಯೇ ಓಡಬೇಕು, ಎಣ್ಣೆ ಬಿದ್ದರೆ ಧೂಳು ಅಂಟಿ ಹೂಳಾಗುತ್ತದೆ.

ಮನೆಯಲ್ಲಿ ಹೊರಗೋಡೆಗೆ ತಾಗಿಸದೆ, ಸುಮಾರು 6.5 ಡಿಗ್ರಿ ಇಳಿಜಾರಿಗೆ ಕಾಲು ತಿರುಗಿಸಿ ನಿಲ್ಲಿಸು. 1 ಕೆವಿಎ ಸರ್ವೋ ಸ್ಟೆಬಿಲೈಸರ್, ಸರಿಯಾದ ಅರ್ತಿಂಗ್ ಎರಡೂ ಬೇಕೇ ಬೇಕು. ಹೂಮಳೆಯ ಗುಡುಗು ಶುರುವಾದರೆ ಪ್ಲಗ್ ಕಿತ್ತಿಡು. ಮಳೆಗಾಲದಲ್ಲಿ ವಾರಕ್ಕೆರಡು ಸಲ ಒಂದು ಗಂಟೆ ಆನ್ ಮಾಡಿಡು, ಬಲ್ಬಿನ ಬಿಸಿಗೆ ಒಳಗಿನ ಥಂಡಿ ಆರುತ್ತದೆ.

ಬೆಲೆ ಒಪ್ಪುವ ಮೊದಲು ಮೂರು ಫೋಟೊ ಕಳಿಸು: ಸೆಲ್ ಹಿಡಿಕೆಯ ಕೆಳಭಾಗ, ಜೆ120 ಕನೆಕ್ಟರ್, ಎತ್ತಿದ ಪ್ಲೇಫೀಲ್ಡಿನ ಅಡಿ. ಇಲ್ಲಿ ರಾತ್ರಿಯಾಗಿದ್ದರೂ ಪರವಾಗಿಲ್ಲ, ಫೋನ್ ಮಾಡು. ಅಕ್ಕನಿಗೂ ಮಕ್ಕಳಿಗೂ ಕೇಳಿದೆ ಅಂತ ಹೇಳು.

ಇಂತಿ ನಿನ್ನ,
ಮಂಜು